ಚಳಿಗೊಂದು ಗುಟುಕು

ನಮ್ಮ ಆಲ್ದೂರಿನ ಕಡೆ ಪುಷ್ಯ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಆಗ ಚಳಿಗೆಂದು ಒಂದು ಗುಟುಕು ಸಾರಾಯಿ ಹಾಕುವುದು ರೂಢಿ. ಅದನ್ನು ಯಾರೂ ಕುಡಿತ ಎನ್ನುವುದಿಲ್ಲ, ಮದ್ದು ಎನ್ನುತ್ತಾರೆ. ಆ ಮದ್ದು ಹಾಳುಮಾಡಿದ ಮನೆಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದೇವರಾಜ ಹನ್ನೊಂದು ವರ್ಷದ ಜಾಣ ಹುಡುಗ. ಒಂದು ಮಳೆಗಾಲದಲ್ಲಿ ಮಾತ್ರ ಮಗ್ಗಿ ಹೇಳುತ್ತಲೇ ತೂಕಡಿಸತೊಡಗಿದ. ಒಂದು ದಿನ ರೇವಣ್ಣ ಮೇಷ್ಟ್ರು ಹತ್ತಿರ ಕರೆದರೆ, ಬಾಯಿಂದ ಸಾರಾಯಿ ನಾತ! ಮೇಷ್ಟ್ರು ಬೆತ್ತ ಮುಟ್ಟಲಿಲ್ಲ. ಕೊಡೆ ಹಿಡಿದು ನೇರ ಬಿಳಿ ದೊರೆಗಳ ಕಾಫಿ ಎಸ್ಟೇಟಿನ ಕೂಲಿಲೈನಿಗೆ, ಆಳುಗಳ ಮನೆಸಾಲಿನಲ್ಲಿದ್ದ ಹುಡುಗನ ಮನೆಗೆ ನಡೆದರು.

“ನಂಜಮ್ಮ, ನಿಮ್ಮ ಮಗ ಸಾರಾಯಿ ಅಂಗಡಿ ದಾರಿ ಕಲ್ತಿದಾನೆ.”

“ಅಂಗಡಿಗ್ಯಾಕೆ ಹೋಗ್ತಾನೆ ಮೇಷ್ಟ್ರೇ? ನಾನೇ ಕೊಡೋದು,” ಎಂದಳು ತಾಯಿ, ಸ್ವಲ್ಪವೂ ಅಳುಕದೆ. “ಎರಡು ಮೈಲಿ ನೆನ್ಕೊಂಡು ಬರೋ ಕೂಸು. ಚಳಿಜ್ವರ ಬಂದ್ರೆ ನೀವು ನೋಡ್ಕೋತೀರಾ?”

“ಅದರಿಂದ ಮೈ ಬೆಚ್ಚಗಾಗಲ್ಲಮ್ಮ, ಆದ ಹಾಗೆ ಅನ್ಸುತ್ತೆ ಅಷ್ಟೆ. ಎಳೇ ಬುದ್ಧಿ ಮಂಕಾಗುತ್ತೆ. ಇವತ್ತು ನೀವು ಕೊಡ್ತೀರಿ, ನಾಳೆ ಅವನೇ ಕೇಳ್ತಾನೆ.”

“ಒಂದು ಗುಟುಕಿಗೆ ಏನೂ ಆಗಲ್ಲ ಬಿಡಿ.”

ಒಲೆ ಮುಂದೆ ಕೂತಿದ್ದ ಅವಳ ಅತ್ತೆ ತಿಮ್ಮಮ್ಮ, ಹುಡುಗನಿಗೆ ಸಾರಾಯಿ ಕೊಡುವ ಲೋಟವನ್ನು ಎತ್ತಿಕೊಂಡು ತಿರುಗಿದಳು. “ನಾನೂ ಹಂಗೇ ಅಂದಿದ್ದೆ ಕಣೇ. ನಿನ್ನ ಗಂಡ ಇವನಷ್ಟಿದ್ದಾಗ, ಇದೇ ಲೋಟದಲ್ಲಿ, ನಾನೇ ಕುಡಿಸಿದ್ದು.”

ನಂಜಮ್ಮ ಮೂಲೆಯತ್ತ ನೋಡಿದಳು. ಅವಳ ಗಂಡ ದಾಸಯ್ಯ ಹಗಲು ಹೊತ್ತಿನಲ್ಲೇ ಕುಡಿದು ಕಂಬಳಿ ಹೊದ್ದು ಬಿದ್ದಿದ್ದ. ಕೆಲಸಕ್ಕೆ ಹೋಗಿ ಎಂಟು ದಿನವಾಗಿತ್ತು. ಅವಳಿಗೆ ಅಳು ಬಂತು. ಆದರೂ ಮೇಷ್ಟ್ರನ್ನು ಬಿಡಲಿಲ್ಲ.

“ಹಂಗಾದ್ರೆ ಚಳಿಗೆ ಏನ್ಮಾಡ್ಲಿ? ನಿಮ್ಮ ಇಸ್ಕೂಲಲ್ಲಿ ಒಂದು ಬೆಂಕಿ ಇದೆಯಾ?”

ಇರಲಿಲ್ಲ. ಮಕ್ಕಳು ದಿನವಿಡೀ ಒದ್ದೆ ಅಂಗಿಯಲ್ಲೇ ಕೂರುತ್ತಿದ್ದರು.

“ತಪ್ಪು ನಮ್ಮದೂ ಇದೆ ತಾಯಿ,” ಎಂದರು ಮೇಷ್ಟ್ರು.

ಆ ಭಾನುವಾರ ಊರವರು ಶಾಲೆಯಲ್ಲಿ ಸೇರಿದರು. ಶಾಲೆಯಲ್ಲೇ ಒಲೆ ಹಚ್ಚಿ ಮಕ್ಕಳಿಗೆ ಬಿಸಿ ಬೆಲ್ಲದ ಕಾಫಿ ಕೊಡೋಣವೆಂದು ಮೇಷ್ಟ್ರು ಕೇಳಿದರು. “ಮೇಷ್ಟ್ರು ಒಬ್ಬರೇ ಎಷ್ಟು ಮಾಡ್ತಾರೆ ಮಾರಾಯ್ರೇ? ಬೆಲ್ಲ ನಂದು,” ಎಂದರು ದಿನಸಿ ಅಂಗಡಿಯ ನಿಜಾಮುದ್ದೀನ್ ಸಾಹೇಬರು. ತೋಟದಲ್ಲಿ ಕಡಿದ ರೆಂಬೆಗಳನ್ನು ಸೌದೆಗೆ ಕೊಡಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಪ್ಪಿದರು. ತಾಯಂದಿರು ದಿನಕ್ಕೊಬ್ಬರಂತೆ ಒಲೆ ನೋಡಿಕೊಳ್ಳುವುದೆಂದಾಯಿತು. ಮಕ್ಕಳು ಬಂದರೆ ಬರಿಗೈಲಿ ಕಳಿಸುತ್ತೇನೆಂದು ಸಾರಾಯಿ ಅಂಗಡಿಯವನೂ ಮಾತು ಕೊಟ್ಟ, ಗೊಣಗಿಕೊಂಡೇ.

ಮೊದಲ ದಿನದ ಸರದಿಯನ್ನು ತಿಮ್ಮಮ್ಮ ಕೇಳಿ ಪಡೆದಳು. ಮಕ್ಕಳು ಬೆಂಕಿಯ ಸುತ್ತ ಅಂಗಿ ಒಣಗಿಸುತ್ತಿದ್ದರು. ಮನೆಯಿಂದ ತಂದ ಆ ಲೋಟವನ್ನು ಉಜ್ಜಿ ತೊಳೆದು, ಮೆಣಸು ಹಾಕಿದ ಬೆಲ್ಲದ ಕಾಫಿ ಬಗ್ಗಿಸಿ ಮೊಮ್ಮಗನ ಕೈಗಿಟ್ಟಳು.

“ಅಜ್ಜೀ, ಖಾರ!”

“ಕುಡಿ ಮಗಾ. ನಿನ್ನಪ್ಪಂಗೆ ಇದನ್ನೇ ಕೊಡಬೇಕಿತ್ತು ನಾನು.”

ದಾಸಯ್ಯ ಕುಡಿತ ಬಿಟ್ಟನೆಂದು ನಾನು ಸುಳ್ಳು ಹೇಳುವುದಿಲ್ಲ. ದೇವರಾಜ ಮಾತ್ರ ಮತ್ತೆ ತೂಕಡಿಸಲಿಲ್ಲ.

ತಾಯಂದಿರೇ, ನಾಳೆ ಬೆಳಿಗ್ಗೆ ಮಗುವಿಗೆ ಲೋಟ ಕೊಡುವ ಮುಂಚೆ ಒಳಗೇನಿದೆ ನೋಡಿ. ಹಾಗೇ ನಿಮ್ಮೂರ ಶಾಲೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಬೆಂಕಿ ಇಲ್ಲವಾದರೆ ಮೇಷ್ಟ್ರನ್ನು ಬೈಯುತ್ತಾ ನಿಲ್ಲಬೇಡಿ, ಹೋಗುವಾಗಲೇ ಒಂದು ಸೌದೆ ಹಿಡಿದು ಹೋಗಿ.