ಶಂಕ್ರವ್ವನ ರಕ್ತ ಎರಡು ಸಲ ತಿರುಗಿತು

ನಾನು ರಕ್ತ ತಿರುಗಿಸುವ ಒಂದು ಯಂತ್ರ. ಕಾಗದದಲ್ಲಿ ನನ್ನ ಹೆಸರು ಸೆಂಟ್ರಿಫ್ಯೂಜ್. ಹುಟ್ಟಿದ್ದು ದೂರದ ಅಂಬಾಲಾದ ಒಂದು ಕಾರ್ಖಾನೆಯಲ್ಲಿ. ಹೊಟ್ಟೆಯಲ್ಲಿ ಮೋಟಾರು, ಅದರ ಮೇಲೆ ಎಂಟು ತೂತುಗಳ ಚಕ್ರ, ತಲೆಗೊಂದು ಮುಚ್ಚಳ. ಎದುರುಬದುರು ಸಮತೂಕದ ಟ್ಯೂಬುಗಳನ್ನಿಟ್ಟರೆ ಜೇನುಹುಳದಂತೆ ಗುಂಯ್‌ಗುಟ್ಟುತ್ತೇನೆ. ತೂಕ ತಪ್ಪಿದರೆ ಮೇಜನ್ನೇ ಕುಣಿಸಿಬಿಡುತ್ತೇನೆ.

ಮೊದಲ ಏಳು ವರ್ಷ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ದುಡಿದೆ. ನನ್ನ ಕೆಲಸದ ಅರ್ಥ ನನಗೆ ತಿಳಿದದ್ದು ಅಲ್ಲಿಯೇ. ಡಾಕ್ಟರ್ ಅಣ್ವೇಕರ್ ಬಾಯಿಯವರು ಒಂದು ದಿನ ನನ್ನಿಂದ ಟ್ಯೂಬ್ ಎತ್ತಿ ವಿದ್ಯಾರ್ಥಿಗಳಿಗೆ ತೋರಿಸಿದರು.

"ನೋಡ್ರಿ, ಕೆಂಪು ಕಣ ಕೆಳಗ, ಒಣಹುಲ್ಲಿನ ಬಣ್ಣದ ಸೀರಮ್ ಮ್ಯಾಲೆ. ಪ್ರೋಟೀನು ಇರೋದು ಈ ಸೀರಮ್ಮಿನಾಗ. ಚರ್ಮದ ಕ್ಯಾನ್ಸರ್ ಆದವರಿಗೆ ಎಲ್‌ಡಿಎಚ್ ಅನ್ನೋ ಪ್ರೋಟೀನು ಏರಿದ್ರ, ರೋಗ ಹಬ್ಬಿರಬಹುದು ಅಂತ ಸುಳಿವು. ಆದ್ರ ಅದೊಂದನ್ನ ನಂಬಬ್ಯಾಡ್ರಿ. ರಕ್ತ ತಗೀವಾಗ ಕಣ ಒಡೆದ್ರೂ ಅದು ಏರತೈತಿ."

ಆಮೇಲೆ ಆ ಆಸ್ಪತ್ರೆಗೆ ನನಗಿಂತ ದೊಡ್ಡ ಯಂತ್ರ ಬಂತು. ಗದಗಿನ ಒಂದು ಚಿಕ್ಕ ಲ್ಯಾಬಿನ ಫಕೀರಪ್ಪ ಹೂಗಾರ ನನ್ನನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಕಂಡಕ್ಟರನಿಗೆ ನಾನು ಮಿಕ್ಸರ್ ಅಲ್ಲವೆಂದು ವಿವರಿಸುತ್ತಿದ್ದ.

ಶಂಕ್ರವ್ವ ಕುಂಬಾರ ಬರುತ್ತಿದ್ದದ್ದು ಆ ಲ್ಯಾಬಿಗೆ. ಐವತ್ತೈದರ ಗಟ್ಟಿ ಹೆಂಗಸು. ಗಡಿಗೆ ಮಾಡುವ ಮಣ್ಣನ್ನು ನಲವತ್ತು ವರ್ಷ ತುಳಿದ ಕಾಲು ಅವಳದು. ಹಿಮ್ಮಡಿಯಲ್ಲಿ ಮೂಡಿದ ಕಪ್ಪು ಚುಕ್ಕೆಯನ್ನು ಮಣ್ಣಿನ ಕಲೆಯೆಂದು ಕಲ್ಲಿನಿಂದ ತಿಕ್ಕುತ್ತಲೇ ಇದ್ದಳು. ಅದು ಚರ್ಮದ ಕ್ಯಾನ್ಸರ್ ಎಂದು ತಿಳಿದ ಮೇಲೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನಿನ ಜೊತೆಗೆ ರಕ್ತಪರೀಕ್ಷೆ.

ಮೊದಲ ಸಲ ನನ್ನನ್ನು ಕಂಡಾಗ ಅವಳು ಬಾಯಿ ತುಂಬ ನಕ್ಕಳು. "ಅಯ್ಯ ಫಕೀರಪ್ಪ, ನಮ್ಮನಿಯವರು ಗಡಿಗಿ ಮಾಡೋ ತಿಗರಿಗಿಂತ ಜೋರ ತಿರಗತೈತಲ್ಲೋ ಇದು! ಇದರ ಮ್ಯಾಲೆ ಒಂದ್ ಹಣತಿ ಮಾಡಾಕ ಬರತೈತೇನು?"

"ಹಣತಿ ನಿಮ್ಮನಿ ಗ್ವಾಡಿಗೆ ಹೋಗಿ ಬೀಳತೈತ್ರಿ ಅಕ್ಕಾರ," ಎಂದ ಫಕೀರಪ್ಪ.

ಮೊದಲ ಮೂರು ಸಲವೂ ವರದಿ ಚೆನ್ನಾಗಿತ್ತು. ಆ ಲ್ಯಾಬಿನ ಅಳತೆಯಲ್ಲಿ ಎಲ್‌ಡಿಎಚ್ ಇನ್ನೂರೈವತ್ತರೊಳಗಿದ್ದರೆ ಸರಿ. ಅಂಕಿಯನ್ನು ಶಂಕ್ರವ್ವ ತಾನೇ ಓದಿಕೊಳ್ಳುತ್ತಿದ್ದಳು.

ನಾಲ್ಕನೆಯ ಸಲ ಬಂದ ದಿನ ಸೋಮವಾರ, ಲ್ಯಾಬಿನ ತುಂಬ ಜನ. ಅವಳ ನರ ಸಿಗಲಿಲ್ಲ. ಫಕೀರಪ್ಪ ಎರಡು ಸಲ ಚುಚ್ಚಿದ, ಅವಸರದಲ್ಲಿ ಸಿರಿಂಜನ್ನು ಜೋರಾಗಿ ಎಳೆದ. ನಾನು ತಿರುಗಿಸಿ ಕೊಟ್ಟ ಸೀರಮ್ ನಸುಗೆಂಪಾಗಿತ್ತು. ಒಳಗಿನ ಕಣಗಳು ಒಡೆದಿದ್ದವು. ನನಗೆ ಕಂಡಿತು. ಆದರೆ ನನಗೆ ಬರುವುದು ಗುಂಯ್ ಎನ್ನುವುದೊಂದೇ. ಫಕೀರಪ್ಪ ನೋಡದೆ ಪರೀಕ್ಷೆಗೆ ಹಾಕಿದ. ವರದಿಯಲ್ಲಿ ಆರುನೂರ ಹನ್ನೆರಡು ಎಂದು ಬಂತು.

ಶಂಕ್ರವ್ವ ಕಾಗದ ಓದಿದಳು. ಮತ್ತೊಮ್ಮೆ ಓದಿದಳು. ಅಂದು ನಗಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಬರತೀನಿ ತಮ್ಮಾ," ಎಂದಷ್ಟೇ ಹೇಳಿ ಸೆರಗು ಹೊದ್ದುಕೊಂಡು ಹೊರಟಳು.

ಜನ ಕರಗಿದ ಮೇಲೆ ಫಕೀರಪ್ಪ ಟ್ಯೂಬುಗಳನ್ನು ತೆಗೆದಿಡತೊಡಗಿದ. ಅವಳ ಟ್ಯೂಬು ಕೈಗೆ ಬಂದಾಗ ಕಿಟಕಿಯ ಬೆಳಕಿಗೆ ಹಿಡಿದ. ನಸುಗೆಂಪು ಈಗ ಅವನಿಗೂ ಕಂಡಿತು. ಲ್ಯಾಬಿನ ಬಾಗಿಲು ತೆರೆದೇ ಬಿಟ್ಟು ಓಡಿದ. ಬಸ್‌ಸ್ಟ್ಯಾಂಡಿನಲ್ಲಿ ಹೊರಟು ನಿಂತ ಬಸ್ಸಿಗೆ ಅಡ್ಡ ನಿಂತು ಅವಳನ್ನು ಇಳಿಸಿಕೊಂಡನಂತೆ. ಇಬ್ಬರೂ ಒಳಬರುವಾಗ ಅವನಿಗೆ ಏದುಸಿರು.

"ತಪ್ಪು ನಂದ್ರಿ ಅಕ್ಕಾರ. ಆ ರಕ್ತ ಕೆಟ್ಟಿತ್ತು. ನಾ ನೋಡದ ಹಾಕಿದೆ. ಇನ್ನೊಮ್ಮೆ ತಗೀತೀನಿ."

"ಮತ್ತ ಹಂಗ ಬಂದ್ರ?"

ಅವನು ಸುಳ್ಳು ಸಮಾಧಾನ ಹೇಳಲಿಲ್ಲ. "ಬಂದ್ರ ನಾನ ನಿಮ್ಮ ಜೋಡಿ ಹುಬ್ಬಳ್ಳಿಗೆ ಬರತೀನ್ರಿ."

ಅವಳು ಇನ್ನೊಂದು ತೋಳು ಚಾಚಿದಳು. ಈ ಸಲ ನಿಧಾನವಾಗಿ ತೆಗೆದ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಕಾದ. ಎದುರಿಗೆ ನೀರಿನ ಟ್ಯೂಬಿಟ್ಟು ನನ್ನ ಮುಚ್ಚಳ ಹಾಕಿದ. ನನ್ನ ಬಾಳಿನಲ್ಲಿ ಅಷ್ಟು ಎಚ್ಚರದಿಂದ ನಾನು ತಿರುಗಿದ್ದೇ ಇಲ್ಲ. ನಿಂತಾಗ ಮೇಲೆ ಒಣಹುಲ್ಲಿನ ಬಣ್ಣ ತಿಳಿಯಾಗಿ ನಿಂತಿತ್ತು.

ನೂರ ತೊಂಬತ್ತೆಂಟು.

ಶಂಕ್ರವ್ವ ಬೆಂಚಿನ ಮೇಲೆ ಕೂತು ಅತ್ತಳು, ಅಳುತ್ತಲೇ ಬೈದಳು. "ಕತ್ತಿ ಮಗನ! ಎರಡು ತಾಸು ನಾ ಸತ್ತೇ ಹೋಗಿದ್ದೆ." ಮರುಕ್ಷಣ, "ನೀರ್ ಕುಡಿ ಮೊದಲ, ನಿನ್ನ ಎದಿ ನನ್ನಕಿಂತ ಜೋರ ಬಡಕೊಳ್ಳಾಕತ್ತೈತಿ," ಎಂದಳು. ಆ ವಾರದ ಸ್ಕ್ಯಾನೂ ಚೆನ್ನಾಗಿಯೇ ಬಂತು.

ಈಗ ನನಗೆ ಹದಿನೆಂಟು. ಬೇರಿಂಗ್ ಸವೆದು ದನಿ ಒರಟಾಗಿದೆ. ನನ್ನನ್ನು ದನದ ದವಾಖಾನೆಗೆ ಕೊಟ್ಟಿದ್ದಾರೆ. ಎಮ್ಮೆಗಳ ರಕ್ತವನ್ನು ಮೆಲ್ಲಗೆ ತಿರುಗಿಸುತ್ತೇನೆ. ಕಿಟಕಿಯಾಚೆಯಿಂದ ಅವು ನನ್ನನ್ನು ನೋಡುತ್ತ ಮೆಲುಕು ಹಾಕುತ್ತವೆ. ಕೆಂಪನ್ನೂ ಹಳದಿಯನ್ನೂ ಬೇರ್ಪಡಿಸುವಷ್ಟು ನನ್ನಿಂದಾಗುತ್ತದೆ. ತಪ್ಪಾಯಿತೆಂದು ಬಸ್‌ಸ್ಟ್ಯಾಂಡಿಗೆ ಓಡಲು ಮನುಷ್ಯನೇ ಬೇಕು. ಅಂಥ ಒಬ್ಬನ ಮೇಜಿನ ಮೇಲೆ ಹನ್ನೊಂದು ವರ್ಷ ಕಳೆದೆ ಎಂಬುದು ನನ್ನ ಹೆಮ್ಮೆ.