ಆಮೆನ್ ಬಾರದ ಪ್ರಾರ್ಥನೆ

“ಕರ್ತಾ, ಆಕಿಗೆ ನೀನ ಬುದ್ಧಿ ಕಲಸು,” ಬಾಳಮ್ಮ ಮೊಣಕಾಲೂರಿ, ಕಣ್ಣು ಬಿಗಿಯಾಗಿ ಮುಚ್ಚಿ ಪ್ರಾರ್ಥಿಸುತ್ತಿದ್ದಳು. “ನನ್ನ ಮಗನ್ನ ಬಿಟ್ಟು ಆ ಡ್ರೈವರ್ ಮುತ್ತುರಾಜನ ಹಿಂದ ಹುನಗುಂದಕ್ಕ ಓಡಿಹೋದಾಕಿ. ಉಣ್ಣೋ ತುತ್ತು ಆಕಿ ಗಂಟಲಾಗ ಇಳೀಬಾರದು!”

“ಆಮೆನ್!”

ಇಳಕಲ್ಲಿನ ಆ ಓಣಿಯ ಗುರುವಾರದ ಮನೆಪ್ರಾರ್ಥನೆ ಈ ಸಲ ಬಾಳಮ್ಮನ ಪಡಸಾಲೆಯಲ್ಲಿತ್ತು. ಒಳಗೆ ಮಗ ಕಲ್ಲೇಶ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಒಂದೊಂದು ಮಾತಿಗೂ ಆಮೆನ್ ಕೂಡಿಸುತ್ತಿದ್ದರು; ನೆರೆಮನೆಯ ನಾಗರತ್ನಾಳದು ಎಲ್ಲರಿಗಿಂತ ದೊಡ್ಡ ದನಿ. ಓಣಿಯಲ್ಲಿ ನಿಂತು ಬೈದರೆ ಜಗಳ, ಕಣ್ಣು ಮುಚ್ಚಿ ಬೈದರೆ ಪ್ರಾರ್ಥನೆ. ವರ್ಷವಿಡೀ ಬಾಳಮ್ಮ ಸೊಸೆಯನ್ನು ಹೀಗೆಯೇ ದೇವರ ಮುಂದೆ ಎಳೆದು ತಂದು, ಎದೆ ಹಗುರಾಗಿ ಏಳುತ್ತಿದ್ದಳು.

“ಆಕಿ ಬೀದಿಪಾಲಾಗ್ಲಿ ಕರ್ತಾ. ಬಂದು ನನ್ನ ಹೊಸ್ತಿಲದಾಗ ನಿಂದ್ರೂ ಹಂಗಾಗ್ಲಿ!”

ಆಮೆನ್ ಬರಲಿಲ್ಲ.

ಬಾಳಮ್ಮ ಕಣ್ಣು ಬಿಟ್ಟಳು. ಹೊಸ್ತಿಲಲ್ಲಿ ಸೊಸೆ ಗೀತಾಂಜಲಿ ನಿಂತಿದ್ದಳು. ಕೈಯಲ್ಲೊಂದು ಕೈಚೀಲ, ಕೆದರಿದ ಕೂದಲು, ಎಲ್ಲವನ್ನೂ ಕೇಳಿಸಿಕೊಂಡ ಮುಖ.

ಬೇಡಿದ್ದನ್ನು ಇಷ್ಟು ಚಾಚೂ ತಪ್ಪದೆ ಕೊಟ್ಟ ದೇವರ ಬಗ್ಗೆ ಬಾಳಮ್ಮನಿಗೆ ಮೊದಲ ಸಲ ಹೆದರಿಕೆ ಹುಟ್ಟಿತು.

“ನೀವಂದದ್ದೆಲ್ಲಾ ಖರೇನ ಐತ್ರಿ ಅತ್ತಿ,” ಎಂದಳು ಗೀತಾಂಜಲಿ. “ಅಂವಾ ಕೈಬಿಟ್ಟ. ಒಳಗ ಕರೀರಿ ಅನ್ನೂದಿಲ್ಲ. ಪ್ರಾರ್ಥನಿ ಮುಗಿಯೂತನಕ ಇಲ್ಲೇ ಕುಂಡ್ರಲೇನ್ರಿ?”

ಉತ್ತರಕ್ಕೆ ಕಾಯದೆ ಚಪ್ಪಲಿಗಳ ನಡುವೆ ಕುಸಿದಳು.

“ಎಷ್ಟ್ ಧೈರ್ಯ ನೋಡ್ರೆವಾ!” ನಾಗರತ್ನಾ ಮೂಗಿನ ಮೇಲೆ ಬೆರಳಿಟ್ಟಳು. “ತಲಿಮ್ಯಾಲ ಒಂದ್ ಅರಿವಿ ಸುದ್ದಾ ಇಲ್ಲ, ಪ್ರಾರ್ಥನಿಗೆ ಬಂದಾಳ! ಅಕ್ಕಾ, ನೀ ಶುರು ಮಾಡಿದ್ದನ್ನ ಮುಗಸು. ಆಮೆನ್ ಅನ್ನಾಕ ನಾವದೀವಿ.”

ಒಳಗೆ ಮಗ್ಗದ ಸದ್ದು ನಿಂತಿತ್ತು.

ಬಾಳಮ್ಮ ಬಾಯಿ ತೆರೆದಳು. ಆಡಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಆದರೆ ಕಣ್ಣು ಬಿಟ್ಟು, ಆ ಮುಖ ನೋಡಿಕೊಂಡು ಹೇಳಬಲ್ಲ ಮಾತೂ ಒಂದಿರಲಿಲ್ಲ.

ನೆಲಕ್ಕೆ ಕೈಯೂರಿ ಎದ್ದಳು. ಹತ್ತಿರ ಬಂದ ಅತ್ತೆಯನ್ನು ಕಂಡು ಗೀತಾಂಜಲಿ ಏಟು ಬಿತ್ತೆಂದು ಮೊಣಕೈ ಅಡ್ಡ ಹಿಡಿದಳು. ಬಾಳಮ್ಮ ಎರಡು ಜೋಡು ಚಪ್ಪಲಿ ಅತ್ತ ಸರಿಸಿ ಪಕ್ಕದಲ್ಲೇ ಕೂತಳು. ತನ್ನ ಕೆಂಪು ಸೆರಗನ್ನು ಜಗ್ಗಿ, ಅರ್ಧವನ್ನು ಅವಳ ತಲೆಗೆ ಹೊದಿಸಿದಳು.

“ಉಂಡೀಯೇನು?”

ಸೆರಗಿನೊಳಗೆ ತಲೆ ಅಡ್ಡಡ್ಡ ಅಲ್ಲಾಡಿತು.

“ಕರ್ತಾ...” ಎಂದಳು ಬಾಳಮ್ಮ. ಯಾರೂ ಆಮೆನ್ ಅನ್ನಲಿಲ್ಲ.

ಒಳಗೆ ಕಲ್ಲೇಶ ಮಗ್ಗದ ಕುಣಿಯಿಂದ ಎದ್ದ ಸದ್ದಾಯಿತು. ತುಸು ಹೊತ್ತಿಗೆ ಅಡುಗೆಮನೆಯ ನೆಲದ ಮೇಲೆ ಊಟದ ತಾಟು ಇಟ್ಟಂತೆ ಕೇಳಿಸಿತು.