ಪಟ್ಟಿಯ ಕೆಳಗಿನ ಮರ

ಬೆಳಗಿನಿಂದ ಬಡಗಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಷೆಡ್ಡಿನ ಉದ್ದಕ್ಕೂ ಮಲಗಿದ್ದ ಕೂವೆಮರದ ಸುತ್ತ ಸುತ್ತಿದ್ದೇ ಸುತ್ತಿದ್ದು. ಹಳೇ ಹಾಯಿದೋಣಿಯ ನಡುವೆ ನಿಂತು ಹಾಯಿ ಹೊರುವ ಮರ ಅದು; ಮೈಮೇಲೆ ಮೂರು ಕಡೆ ಕಬ್ಬಿಣದ ಪಟ್ಟಿ. ಎರಡು ತಿಂಗಳು ಹೆರೆದು, ಉಜ್ಜಿ, ಐದು ಸಲ ವಾರ್ನಿಶ್ ಬಳಿದಾಗಿತ್ತು. ಹನ್ನೊಂದಕ್ಕೆ ಕ್ರೇನ್ ಬಂದು ಅದನ್ನು ಎತ್ತಿ ನಿಲ್ಲಿಸುತ್ತದೆ. ಭಾನುವಾರ ದೋಣಿಯ ಒಡತಿ ಡಾಕ್ಟರಮ್ಮ ತಮ್ಮ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೀರಿಗಿಳಿಯುತ್ತಾರೆ.

"ಭಾವ, ಹೆರಿಗೆ ವಾರ್ಡಿನ ಮುಂದೆ ಓಡಾಡೋ ಗಂಡನ ಥರ ಆಡ್ತಿದ್ದೀರಲ್ಲ!" ಎಂದ ತಂತಿಹಗ್ಗ ಹೆಣೆಯುತ್ತಿದ್ದ ಭಾವಮೈದುನ. ಆಚೆ ದಡಕ್ಕೂ ಕೇಳುವಂಥ ಗಂಟಲು ಅವನದು. ಇತ್ತೀಚೆಗೆ ಬಡಗಿಗೆ ಅವನ ಮಾತೇ ಹಿತವಾಗಿತ್ತು.

ಮರ ಒಳಗೆ ಕೊಳೆತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಬುಡಕ್ಕೆ ಒಬ್ಬರು ಕಿವಿ ಇಡಬೇಕು, ತುದಿಯಿಂದ ಇನ್ನೊಬ್ಬರು ಕೊಡತಿಯಲ್ಲಿ ಮೆಲ್ಲಗೆ ಬಡಿಯುತ್ತ ಬರಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದೊಪ್ ಎನ್ನುತ್ತದೆ. ಮೂವತ್ತು ವರ್ಷ ದೋಣಿ ನಿಲ್ಲುವ ಈ ದಕ್ಕೆಯಲ್ಲಿ ಬಡಗಿಯ ಕಿವಿ ಹೇಳಿದ್ದಕ್ಕೆ ಯಾರೂ ಎದುರಾಡಿದ್ದಿಲ್ಲ. ಮೊನ್ನೆ ಮಗಳು ಬಡಿಯುತ್ತ ಬಂದಾಗ ಅವನಿಗೆ ಟಣ್ಣೂ ಕೇಳಲಿಲ್ಲ, ದೊಪ್ಪೂ ಕೇಳಲಿಲ್ಲ. ಹತ್ತಿ ತುರುಕಿದ ಹಾಗೆ. ಆದರೂ ಸುಮ್ಮನೆ ತಲೆಯಾಡಿಸುತ್ತ ಹೋದ, ಕೊನೆಗೆ "ಗಟ್ಟಿ" ಎಂದುಬಿಟ್ಟ.

ಹೇಳಿದರೆ ಮೂವತ್ತು ವರ್ಷದ ಹೆಸರು ನೀರುಪಾಲು. ಹೇಳದಿದ್ದರೆ? ಹೋದ ವಾರ ಡಾಕ್ಟರಮ್ಮನ ಚಿಕ್ಕ ಮಗಳು ಮರಕ್ಕೆ ಅಂಗೈ ಒತ್ತಿ, "ಇದು ಮುರಿಯಲ್ಲ ಅಲ್ವಾ?" ಎಂದು ಕೇಳಿದ್ದಳು. ಆಚೆ ಬಡಗಿಯ ಮಗಳು ರಾಟೆಗಳಿಗೆ ಎಣ್ಣೆ ಬಿಡುತ್ತಿದ್ದಳು, ತಲೆ ಎತ್ತಲಿಲ್ಲ.

ಕ್ರೇನ್ ಬಂತು. ಬೆಲ್ಟು ಬಿಗಿಯಿತು. ಮರ ನೆಲದಿಂದ ಒಂದು ಮೊಳ ಮೇಲಕ್ಕೆದ್ದಿತು.

"ಇಳಿಸು! ಇಳಿಸಯ್ಯಾ!" ಎಂದು ಬಡಗಿ ಕೂಗಿದ.

"ಯಜಮಾನ್ರೇ, ಇದು ಕ್ರೇನು, ಉಯ್ಯಾಲೆ ಅಲ್ಲ," ಎಂದು ಡ್ರೈವರ್ ಗೊಣಗುತ್ತ ಇಳಿಸಿದ.

ಬಡಗಿ ಕೊಡತಿ ಹುಡುಕಿ ತಂದು ಮಗಳ ಮುಂದೆ ನಿಂತ. "ಈ ಸಲ ನಾನು ಬಡೀತೀನಿ. ಕಿವಿ ನೀನಿಡು. ನಂಗೆ ಕೇಳಿಸಲ್ಲ ಕಣೇ. ಮೊನ್ನೆನೂ ಕೇಳಿಸಲಿಲ್ಲ."

ಮಗಳು ಎಣ್ಣೆ ಡಬ್ಬಿ ಕೆಳಗಿಟ್ಟು, ಹತ್ತಿರ ಬಂದು ಎಂದಿನಂತೆ ಗಟ್ಟಿಯಾಗಿ ಹೇಳಿದಳು: "ಗೊತ್ತಪ್ಪಾ. ಮೊನ್ನೆ ಆ ತುದಿ ಪಟ್ಟಿ ಹತ್ರ ನಾನು ಬಡೀಲೇ ಇಲ್ಲ, ಕೈಕಟ್ಟಿ ನಿಂತಿದ್ದೆ. ಆಗಲೂ ನೀನು ತಲೆ ಆಡಿಸ್ದೆ."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನೀನೇ ಹೇಳ್ತೀಯಾ ಅಂತ ಕಾದೆ. ಇನ್ನೊಂದು ಮೊಳ ಎದ್ದಿದ್ರೆ ನಾನೇ ಕೂಗ್ತಿದ್ದೆ."

"ಒಂದು ವರ್ಷದಿಂದ ನೀನು ಸುಮ್ಮಸುಮ್ಮನೆ ಸಿಡುಕ್ತೀಯಾ ಅಂತಿದ್ದೆ ನಾನು..."

"ಸಿಡುಕಲ್ಲಪ್ಪಾ, ಕೇಳಿಸ್ಲಿ ಅಂತ ಕಿರುಚ್ತೀನಿ!"

ಭಾವಮೈದುನ ನಗು ತಡೆಯಲಾರದೆ ತೋಳಿನಲ್ಲಿ ಮುಖ ಹುದುಗಿಸಿದ.

ಮಗಳು ಬುಡಕ್ಕೆ ಕಿವಿಯಿಟ್ಟಳು. ಬಡಗಿ ತುದಿಯಿಂದ ಬಡಿಯುತ್ತ ಬಂದ. ತುದಿಯ ಪಟ್ಟಿಯ ಹತ್ತಿರ ದೊಪ್ ಕೇಳಿ ಅವಳ ಕೈ ಮೇಲೆದ್ದಿತು. ಪಟ್ಟಿ ಕಳಚಿ ಉಳಿ ಒತ್ತಿದರೆ, ನೆನೆದ ಸೋಪಿಗಿಳಿದಂತೆ ಒಳಗೆ ಹೋಯಿತು. ಗೇಣುದ್ದ ಕೊಳೆತಿತ್ತು.

ಡ್ರೈವರ್ ತಾನಾಗಿಯೇ ಬೆಲ್ಟು ಬಿಚ್ಚಿದ.

"ಡಾಕ್ಟರಮ್ಮನಿಗೆ ಫೋನ್ ಹಾಕು," ಎಂದ ಬಡಗಿ ಭಾವಮೈದುನನಿಗೆ. "ಈ ಭಾನುವಾರ ಆಗಲ್ಲ ಅನ್ನು. ಯಾಕೆ ಅಂತ ಕೇಳಿದ್ರೆ ನಂಗೆ ಕೊಡು. ಜೋರಾಗಿ ಮಾತಾಡೋಕೆ ಹೇಳು."

ಅಷ್ಟರಲ್ಲಾಗಲೇ ಬಡಗಿಯ ಕಾಲು ಮುಂದಿನ ಪಟ್ಟಿಯತ್ತ ಹೊರಟಿತ್ತು. "ಎದ್ದೇಳಬೇಡ ಮಗಳೇ. ಇನ್ನೂ ಎರಡು ಪಟ್ಟಿ ಇವೆ."